ಲಕ್ಕಿಗಿಡಕ್ಕೆ ನೀರು ಬೇಡ

ಗಿಡವನ್ನು ದನದಿಂದ ಕಾಯುವವರನ್ನು ನೀವು ನೋಡಿರುತ್ತೀರಿ. ನೀರಿನಿಂದ ಕಾಯುವವರನ್ನು ನೋಡಿದ್ದೀರಾ? ನಮ್ಮ ಸೋದರತ್ತೆ ಅಂಥವಳು! ವಿರೂಪಾಕ್ಷಿಪುರದ ಹತ್ತಿರದ ನಮ್ಮೂರಿನಲ್ಲಿ, ಮನೆ ಹಿತ್ತಲ ಗರಸು ಮಣ್ಣಿನಲ್ಲಿ ಅವಳದೊಂದು ಲಕ್ಕಿಗಿಡವಿತ್ತು. ದನಗಳು ಮೂಸಿ ನೋಡಿ ಮುಂದೆ ಹೋಗುತ್ತಿದ್ದವು; ಅವುಗಳ ಭಯ ಅತ್ತೆಗಿರಲಿಲ್ಲ. ಯಾರಾದರೂ ಬಿಂದಿಗೆ ಹಿಡಿದು ಹಿತ್ತಲಿಗೆ ಹೋದರೆ ಮಾತ್ರ ಹಿಂದೆಯೇ ಓಡುತ್ತಿದ್ದಳು.

ಪಕ್ಕದ ಮನೆಯವನ ಬೋರ್‌ವೆಲ್ ಪೈಪು ಸೋರಿ ನೀರು ಗಿಡದ ಬುಡಕ್ಕೆ ಬಂದಾಗ, ಗುದ್ದಲಿ ಹಿಡಿದು ಕಾಲುವೆ ತೋಡಿ ಅದನ್ನು ಅವನ ಹಿತ್ತಲಿಗೇ ವಾಪಸು ಅಟ್ಟಿದಳು.

“ಅಕ್ಕೋ, ಒಸಿ ನೀರು ಕುಡುದ್ರೆ ಅದೇನು ಸತ್ತೋಯ್ತದಾ?” ಎಂದ ಅವನು.

“ಸಾಯಕಿಲ್ಲ ಕಣ್ಲಾ, ಕೊಬ್ತದೆ. ಎಲೆ ಅಗ್ಲ ಆಯ್ತದೆ, ಗಮ ಇರಕಿಲ್ಲ. ಅಂಥದ್ನ ಬಾಣ್ತಿ ನೀರ್ಗೆ ಹಾಕಿ ಏನ್ ಪ್ರಯೋಜ್ನ?”

ಊರಿನ ಯಾವ ಬಾಣಂತಿಯ ಸ್ನಾನದ ಹಂಡೆಗೂ ಆ ಗಿಡದ ಸೊಪ್ಪೇ. ಕರೆಯದಿದ್ದರೂ ಹೊರೆ ಹೊತ್ತು ಹೋಗುವಳು. ಒಮ್ಮೆ ಬೇರೆ ಊರಿನ ಬಾಣಂತಿಗೆಂದು ಹೊರಟಾಗ ಬಸ್ಸಿನಲ್ಲಿ ಕಂಡಕ್ಟರ್ ಹೊರೆಗೂ ಟಿಕೆಟ್ ಕೇಳಿದ. ಅತ್ತೆ ಒಂದೆಲೆ ಹೊಸಕಿ ಅವನ ಮೂಗಿಗೆ ಹಿಡಿದಳು. ಚನ್ನಪಟ್ಟಣ ಬರುವವರೆಗೂ ಅವನು ಸೀನುತ್ತಲೇ ಇದ್ದ, ಟಿಕೆಟ್ಟಿನ ಮಾತೆತ್ತಲಿಲ್ಲ.

ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಕಡುಬೇಸಿಗೆ. ಅತ್ತೆ ಕಬ್ಬಾಳಿಗೆ ನೆಂಟರ ಮನೆಗೆ ಹೋಗಿ ಹದಿನೈದು ದಿನ ಉಳಿದಳು. ಬಾಡಿದ ಗಿಡವನ್ನು ನೋಡಲಾರದೆ ನಾನು ದಿನವೂ ನೀರು ಹುಯ್ದೆ. ಅವಳು ಬರುವಷ್ಟರಲ್ಲಿ ಅಗಲಗಲ ಎಲೆ!

ಅತ್ತೆ ಒಂದೆಲೆ ಕಿತ್ತು ಮೂಸಿದಳು. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವಳು ಬೈಯಲಿಲ್ಲ, ಗಿಡದ ಬುಡದಲ್ಲೇ ಕುಳಿತಳು.

“ನನ್ ಮಗ್ಳು ಬಸ್ರಿ ಆದಾಗ ನೆಟ್ಟಿದ್ದು ಕಣವ್ವ ಇದು. ಬಾಣ್ತಿ ನೀರ್ಗೆ ಬೇಗ ಸೊಪ್ಪಾಗ್ಲಿ ಅಂತ ನಾನೂ ಹಿಂಗೇ ದಿನಾ ನೀರು ಹುಯ್ದೆ. ಸೊಪ್ಪಾಯ್ತು. ಅವ್ಳು ಆಸ್ಪತ್ರೆಯಿಂದ ಬರ್ನಿಲ್ಲ.”

ಅವಳ ಮಗಳು ಹೆರಿಗೆಯಲ್ಲಿ ತೀರಿಕೊಂಡದ್ದು ನನಗೆ ಗೊತ್ತಿತ್ತು, ಗಿಡದ ಸಂಗತಿ ಗೊತ್ತಿರಲಿಲ್ಲ. ಆಮೇಲಿನ ದಿನಗಳನ್ನು ಇಬ್ಬರೂ ಹೆದರಿಕೊಂಡೇ ಕಳೆದೆವು. ನನ್ನ ಹೊಟ್ಟೆ ಕಣ್ಣಿಗೆ ಬಿದ್ದರೆ ಅವಳು ಮುಖ ತಿರುಗಿಸುತ್ತಿದ್ದಳು. ಆ ನೀರು ಯಾಕಾದರೂ ಹುಯ್ದೆನೋ ಎಂದು ನನಗೆ ಅಳು ಬರುತ್ತಿತ್ತು.

ಮಗುವಿನೊಂದಿಗೆ ನಾನು ಆಸ್ಪತ್ರೆಯಿಂದ ಬಂದ ದಿನ, ಅತ್ತೆ ಬಾಗಿಲಲ್ಲೇ ನಿಲ್ಲಿಸಿ ನನ್ನ ಕೆನ್ನೆ, ತೋಳು ಮುಟ್ಟಿ ಮುಟ್ಟಿ ನೋಡಿದಳು. ಘಮವಿಲ್ಲದ ಆ ಸೊಪ್ಪನ್ನೇ ಹಂಡೆಗೆ ಹಾಕಿ ನೀರೆರೆದಳು. ತಳದಲ್ಲಿ ಉಳಿದ ನೀರು ಆರಿದ ಮೇಲೆ ಬಿಂದಿಗೆಗೆ ತುಂಬಿಕೊಂಡು ಹಿತ್ತಲಿಗೆ ನಡೆದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅಷ್ಟನ್ನೂ ಲಕ್ಕಿಗಿಡದ ಬುಡಕ್ಕೆ ಹುಯ್ದು ಹೇಳಿದಳು:

“ಕುಡಿ. ಇವ್ಳು ಬಂದ್ಳು.”