ಇಲಿಗಳಿಗೆ ನೆಲ್ಲಿಕಾಯಿ

ಯಾವ ಉದ್ಯೋಗವಾದರೇನು, ಹೇಳಿಕೊಳ್ಳಲು ನಾಚಿಕೆ ಪಡಬಾರದು ಎಂದು ಉಪದೇಶ ಮಾಡುವವರೆಲ್ಲ ಸಾಮಾನ್ಯವಾಗಿ ಅಮಲ್ದಾರರೋ ಹೆಡ್‌ಮಾಸ್ತರರೋ ಆಗಿರುತ್ತಾರೆ. ಇಲಿ ಸಾಕುವವರು ಯಾರೂ ಆ ಮಾತನ್ನು ಆಡಿದ್ದು ನಾನು ಕೇಳಿಲ್ಲ. ಯುದ್ಧದ ಕಾಲದಲ್ಲಿ ಬೆಂಗಳೂರಿನ ಮೇಲೆ ಬಾಂಬು ಬೀಳಬಹುದೆಂಬ ಭಯಕ್ಕೆ ಒಂದು ಸಣ್ಣ ಪ್ರಯೋಗಶಾಲೆ ದೇವನಹಳ್ಳಿಯ ಹೊರಗಿನ ಹಳೆಯ ಬಂಗಲೆಗೆ ಬಂದಿತು. ಅಲ್ಲಿ ನನಗೆ ಕೆಲಸ ಸಿಕ್ಕಿತು. ಮದುವೆಮನೆಗಳಲ್ಲಿ ಯಾರಾದರೂ ವಿಚಾರಿಸಿದರೆ ಗಂಟಲು ಸರಿಮಾಡಿಕೊಂಡು 'ಸೈಂಟಿಫಿಕ್ ಡಿಪಾರ್ಟ್‌ಮೆಂಟು' ಎನ್ನುತ್ತಿದ್ದೆ. ನಿಜಕ್ಕೂ ನಾನು ಮಾಡುತ್ತಿದ್ದುದು ಬಿಳಿ ಇಲಿಗಳ ಗೂಡು ತೊಳೆದು, ಅವುಗಳನ್ನು ತಕ್ಕಡಿಯಲ್ಲಿಟ್ಟು ತೂಗಿ, ಊಟ ಬಡಿಸುವ ಕೆಲಸ. ಊರಿನ ಜನ ರೇಷನ್ನಿಗೆ ಸಾಲು ನಿಂತಿರುವಾಗ ನಮ್ಮ ಇಲಿಗಳಿಗೆ ಹಾಲು, ರಾಗಿಹಿಟ್ಟು, ಕಡಲೆ. ನನ್ನ ಹೆಂಡತಿ ಸೀತ ಮಾತ್ರ ಇದನ್ನು ಸೈನ್ಸು ಎಂದು ಒಪ್ಪಲೇ ಇಲ್ಲ. ಹಿತ್ತಿಲ ಬಾವಿಕಟ್ಟೆಯ ಮೇಲೆ ಪಂಚೆ ಇಟ್ಟಿರುತ್ತಿದ್ದಳು. ಸ್ನಾನ ಮಾಡದೆ ನಾನು ಹೊಸ್ತಿಲು ದಾಟುವಂತಿರಲಿಲ್ಲ.

ಇಲಿಗಳ ಸುಖವೂ ಅಷ್ಟರಲ್ಲೇ ಇತ್ತು. ನಮ್ಮ ಡಾಕ್ಟರು ಸೀಸದ ವಿಷದ ಮೇಲೆ ಪ್ರಯೋಗ ನಡೆಸುತ್ತಿದ್ದರು. ಎಲ್ಲ ಇಲಿಗಳಿಗೂ ಕುಡಿಯುವ ನೀರಿನಲ್ಲಿ ಒಂದಿಷ್ಟು ಸೀಸ ಬೆರೆಸುತ್ತಿದ್ದೆವು. ಅರ್ಧ ಇಲಿಗಳಿಗೆ ಮಾತ್ರ ಹಿಟ್ಟಿನಲ್ಲಿ ಒಣ ನೆಲ್ಲಿಕಾಯಿಯ ಪುಡಿ ಕಲಸಿ ಕೊಡುತ್ತಿದ್ದೆವು. ನೆಲ್ಲಿಕಾಯಿಯ ಸತ್ವ ವಿಷವನ್ನು ಕಡಿಮೆ ಮಾಡುತ್ತದೆಯೇ ಎಂದು ನೋಡುವುದು ಅವರ ಉದ್ದೇಶ. ದಿನ ಕಳೆದಂತೆ ವ್ಯತ್ಯಾಸ ನನ್ನ ಕಣ್ಣಿಗೇ ಕಾಣತೊಡಗಿತು. ನೆಲ್ಲಿಕಾಯಿ ತಿನ್ನದ ಇಲಿಗಳು ಕೂದಲುದುರಿ, ಹಿಂಗಾಲು ಎಳೆಯುತ್ತ ಮೂಲೆ ಸೇರಿದವು. ತಿಂದವು ಮದುವೆಗೆ ಹೊರಟ ಗಂಡಿನಂತೆ ಮಿರಮಿರ ಮಿಂಚುತ್ತ ಓಡಾಡುತ್ತಿದ್ದವು. ನಾನು ಜೀವಮಾನದಲ್ಲಿ ಯಾವುದಕ್ಕಾದರೂ ಹೆಮ್ಮೆಪಟ್ಟಿದ್ದರೆ ಅದು ಆ ಇಲಿಗಳ ಮೈಬಣ್ಣಕ್ಕೆ.

ನನ್ನ ಅಕ್ಕ ಗೌರಮ್ಮನನ್ನು ದೊಡ್ಡಬಳ್ಳಾಪುರಕ್ಕೆ ಕೊಟ್ಟಿತ್ತು. ಭಾವ ಚನ್ನಪ್ಪನವರು ಅಲ್ಲಿನ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರು. ಮೊಳೆಯೆಂದರೆ ಸೀಸದ ಅಕ್ಷರ. ಅವನ್ನು ಗೂಡುಗಳಿಂದ ಒಂದೊಂದಾಗಿ ಹೆಕ್ಕಿ ಸಾಲು ಕಟ್ಟಬೇಕು. ಭಾವ ನಡುನಡುವೆ ಬೆರಳನ್ನು ನಾಲಿಗೆಗೆ ಒತ್ತಿಕೊಂಡು ಅಕ್ಷರ ಹೆಕ್ಕುತ್ತಿದ್ದುದನ್ನು ನೋಡಿದರೆ ಜೋಳದ ಕಾಳು ಆರಿಸುವ ಗುಬ್ಬಿಯ ನೆನಪಾಗುತ್ತಿತ್ತು. ಮದುವೆಗೆ ಹೋದರೆ ಊಟಕ್ಕಿಂತ ಮೊದಲು ಲಗ್ನಪತ್ರಿಕೆಯ ತಪ್ಪು ಹುಡುಕುತ್ತಿದ್ದರು. ಒಮ್ಮೆ ಬೀಗರ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ ಎಂದು ಪಂಕ್ತಿಯಲ್ಲಿ ಕುಳಿತೇ ಅಬ್ಬರಿಸಿ, ಹೆಣ್ಣಿನ ಕಡೆಯವರಿಂದ ಬೈಸಿಕೊಂಡಿದ್ದರು. ಅಂಥವರಿಗೆ ನನ್ನ ಕೆಲಸ ತಮಾಷೆಗೆ ಸಿಕ್ಕಿದರೆ ಬಿಟ್ಟಾರೆಯೇ?

"ಏನಪ್ಪಾ, ನಿಮ್ಮಪ್ಪ ನಂಜುಂಡ ಅಂತ ಹೆಸರಿಟ್ರು. ನೀನು ನೋಡಿದ್ರೆ ಇಲಿಗೆ ನಂಜು ಉಣ್ಸೋನಾದೆ," ಎಂದು ಒಂದು ದಿನ ಅವರ ಜಗಲಿಯ ಮೇಲೆ ಕುಳಿತಿದ್ದಾಗ ಬಾಯ್ತುಂಬ ನಕ್ಕರು. ನಾನೂ ನಕ್ಕೆ. ನಗುತ್ತಿರುವಾಗಲೇ ಅವರ ಒಸಡಿನ ಅಂಚಿನಲ್ಲಿ ಶಾಯಿಯಲ್ಲಿ ಎಳೆದಂಥ ನೀಲಿ ಗೆರೆ ಕಂಡಿತು. ಸೀಸದ ಕೆಲಸದವರ ಒಸಡಿನಲ್ಲಿ ಅಂಥ ಗೆರೆ ಮೂಡುತ್ತದೆ ಎಂದು ನಮ್ಮ ಡಾಕ್ಟರು ಹೇಳಿದ್ದರು. ನನ್ನ ನಗು ಅಲ್ಲಿಗೇ ನಿಂತಿತು.

ಅಕ್ಕನನ್ನು ಅಡುಗೆಮನೆಯಲ್ಲಿ ವಿಚಾರಿಸಿದೆ. "ಹೊಟ್ಟೆನೋವು ಅಂತ ಒದ್ದಾಡ್ತಾರೆ ಕಣೋ. ಮುದ್ದೆ ಅರ್ಧಕ್ಕೇ ಬಿಟ್ಟು ಏಳ್ತಾರೆ. ದೃಷ್ಟಿ ಅಂತ ನಿವಾಳಿಸಿದ್ದೂ ಆಯ್ತು," ಎಂದಳು. ಮಾರನೆಯ ದಿನ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಮೊದಲು ಆ ಕೆಲಸ ಬಿಡಿಸಿ ನಂಜುಂಡಪ್ಪ. ಬೇರೆ ಎಲ್ಲಾ ಆಮೇಲೆ," ಎಂದರು.

ಭಾವನಿಗೆ ಇದನ್ನು ಹೇಳುವುದು ಇಲಿಗೆ ಹೇಳಿದಷ್ಟು ಸುಲಭವಾಗಿರಲಿಲ್ಲ. "ಬಿಟ್ಟು ಏನ್ಮಾಡ್ಲಿ? ಮಗ್ಗಕ್ಕೆ ಕೂತ್ಕೊಳ್ಳೋಕೆ ಬರಲ್ಲ, ನೇಗಿಲು ಹಿಡಿದೋನಲ್ಲ. ಅಕ್ಷರ ಬಿಟ್ರೆ ನಂಗೆ ಇನ್ನೇನು ಗೊತ್ತು?" ಎಂದರು. ಮೊದಲ ಸಲ ಅವರು ತಮಾಷೆ ಮಾಡದೆ ಮಾತಾಡಿದ್ದರು.

ಬಾಗಿಲ ಹಿಂದೆ ನಿಂತಿದ್ದ ಅಕ್ಕ, "ನಿನ್ನ ಇಲಿಗಳಿಗೆ ಏನೋ ಕೊಡ್ತೀಯಲ್ಲ, ಅದೇನು ಹೇಳು," ಎಂದಳು. ಹೇಳಿದೆ. ಅಂದಿನಿಂದ ಅವಳ ಅಡುಗೆಮನೆಯೇ ಪ್ರಯೋಗಶಾಲೆಯಾಯಿತು. ನೆಲ್ಲಿಕಾಯಿ ಚಟ್ನಿ, ನೆಲ್ಲಿಕಾಯಿ ಗೊಜ್ಜು, ನೆಲ್ಲಿಕಾಯಿ ಚಿತ್ರಾನ್ನ; ಕಾಯಿ ಸಿಗದ ಕಾಲಕ್ಕೆ ಒಣಗಿಸಿಟ್ಟ ನೆಲ್ಲಿಚೆಟ್ಟು, ಉಪ್ಪಿನಕಾಯಿ. ಮಜ್ಜಿಗೆಯಲ್ಲೂ ಪುಡಿ ಉದುರಿಸುತ್ತಿದ್ದಳು. "ನಿನ್ನ ಇಲಿಗಳೇ ಪುಣ್ಯ ಮಾಡಿದ್ವು ಕಣಯ್ಯ. ಅವಕ್ಕೆ ನಿಮ್ಮಕ್ಕ ಬಡಿಸಲ್ಲ," ಎನ್ನುತ್ತ ಭಾವ ಉಣ್ಣುತ್ತಿದ್ದರು. ಸ್ವಲ್ಪ ದಿನಕ್ಕೆ ಊಟ ಸೇರತೊಡಗಿತು, ಮುಖಕ್ಕೆ ಕಳೆ ಬಂದಿತು. ಅಕ್ಕ ನನ್ನನ್ನು ಊರಿನವರ ಮುಂದೆ 'ನಮ್ಮ ಡಾಕ್ಟರು' ಎಂದು ಪರಿಚಯಿಸಿದಳು. ನಾನು ಅಲ್ಲವೆನ್ನಲಿಲ್ಲ. ಭಾವ ಹೊತ್ತು ತಪ್ಪದೆ ಅಚ್ಚುಕೂಟಕ್ಕೆ ಹೋಗುತ್ತಲೇ ಇದ್ದರು.

ಮಳೆಗಾಲದ ಕೊನೆಗೆ ಡಾಕ್ಟರು ಇಲಿಗಳನ್ನು ಕೊಯ್ದು ಪರೀಕ್ಷೆ ಮಾಡಿದರು. ಕೂದಲುದುರಿದವು ಒಂದು ಕಡೆ, ನನ್ನ ಮಿರಮಿರ ಮಿಂಚುವವು ಇನ್ನೊಂದು ಕಡೆ. ಕೆಲವು ದಿನ ಬಾಟಲಿ, ಒಲೆ, ಆಸಿಡ್ಡುಗಳ ನಡುವೆ ಕಳೆದ ಮೇಲೆ ನನ್ನನ್ನು ಕರೆದರು. "ನೆಲ್ಲಿಕಾಯಿ ತಿಂದವುಗಳ ರಕ್ತದಲ್ಲಿ ಸೀಸ ಒಂದಿಷ್ಟು ಕಡಿಮೆ ಇದೆ. ಮೂಳೆಯಲ್ಲಿ ಮಾತ್ರ ಸೀಸ ಹಾಗೇ ಕೂತಿದೆ. ಕುಡಿಯೋ ನೀರಲ್ಲಿ ದಿನಾ ವಿಷ ಹಾಕ್ತಾ ಇದ್ರೆ ನೆಲ್ಲಿಕಾಯಿ ತಾನೇ ಎಷ್ಟು ಮಾಡುತ್ತೆ?" ಎಂದರು. ಆಮೇಲೆ, "ನಿಮ್ಮ ಭಾವ ಕೆಲಸ ಬಿಟ್ರಾ?" ಎಂದು ಕೇಳಿದರು.

ಅವರು ಬಿಟ್ಟಿರಲಿಲ್ಲ. ಕೆಲಸವೇ ಅವರನ್ನು ಬಿಟ್ಟಿತು. ಒಂದು ಬೆಳಗ್ಗೆ ಬಲಗೈ ಮಣಿಕಟ್ಟಿನಿಂದ ಕೆಳಗೆ ಬಾಡಿದ ಬಳ್ಳಿಯಂತೆ ಜೋತುಬಿದ್ದಿತು. ಮೇಲೆತ್ತಲು ಆಗಲಿಲ್ಲ. ನಾನು ಹೋದಾಗ ಅಕ್ಕ ಎಲೆಗೆ ಸುಣ್ಣ ಹಚ್ಚಿ, ಮಡಿಸಿ ಅವರ ಬಾಯಿಗಿಡುತ್ತಿದ್ದಳು. ಅವಳು ಎಲೆ ತರಲು ಒಳಗೆ ಹೋದಾಗ ಭಾವ ತಗ್ಗಿದ ದನಿಯಲ್ಲಿ, "ನಿನ್ನ ಇಲಿಗಳು ಹೆಂಗವ್ವೆ?" ಎಂದು ಕೇಳಿದರು.

"ಚೆನ್ನಾಗವ್ವೆ ಭಾವ."

ಅವರು ನನ್ನ ಮುಖವನ್ನು ಪ್ರೂಫ್ ನೋಡುವವರಂತೆ ನೋಡಿದರು. ತಪ್ಪು ಸಿಕ್ಕಿರಬೇಕು. ಆದರೆ ತಿದ್ದಲಿಲ್ಲ. "ನಿಮ್ಮಕ್ಕನಿಗೂ ಹಂಗೇ ಹೇಳು," ಎಂದರು.

ಆಮೇಲೆ ಮೈ ಊದಿಕೊಂಡಿತು. ನಮ್ಮ ಡಾಕ್ಟರೇ ಬಂದು ನೋಡಿ, ಮೂತ್ರಪಿಂಡ ಕೆಟ್ಟಿದೆ ಎಂದರು. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಭಾವ ಹೋದರು.

ಆ ವರ್ಷ ಕಾರ್ತೀಕದಲ್ಲಿ ಅಕ್ಕ, ಪೆಟ್ರೋಲು ಸಿಗದ ಆ ಕಾಲದಲ್ಲಿ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸಿನಲ್ಲಿ ಕೂತು ದೇವನಹಳ್ಳಿಗೆ ಬಂದಳು. ಮನೆಗೆ ಬರದೆ ನೇರವಾಗಿ ಬಂಗಲೆಯ ಗೇಟಿಗೇ ಬಂದಿದ್ದಳು. ಸೊಂಟದ ಮೇಲೆ ಒಂದು ಬುಟ್ಟಿ ನೆಲ್ಲಿಕಾಯಿ. "ಹಿತ್ತಿಲ ಮರ ಈ ಸಲ ಬಗ್ಗಿ ಬಿಟ್ಟಿದೆ. ಮನೇಲಿ ತಿನ್ನೋರು ಯಾರು? ನಿನ್ನ ಇಲಿಗಳಿಗೆ ಹಾಕು. ಪಾಪ, ಅವಾದ್ರೂ ಒಂದಷ್ಟು ದಿನ ಇರ್ಲಿ," ಎಂದಳು. ಒಳಗೆ ಇದ್ದುದು ಬೇರೆ ಇಲಿಗಳು, ಬೇರೆ ಪ್ರಯೋಗ. ಹೊರಗಿನ ಒಂದು ಕಾಳನ್ನೂ ಗೂಡಿಗೆ ಹಾಕುವಂತಿರಲಿಲ್ಲ. "ಹಾಕ್ತೀನಿ ಅಕ್ಕ," ಎಂದು ಬುಟ್ಟಿ ತೆಗೆದುಕೊಂಡೆ.

ಅವಳ ಬಸ್ಸು ಹೋದ ಮೇಲೆ ಬಂಗಲೆಯ ಹಿಂದೆ ಹೊಂಗೆಮರದ ಕೆಳಗೆ ಕುಳಿತೆ. ಎಸೆಯಲು ಕೈ ಬರಲಿಲ್ಲ. ಒಂದು ಬಾಯಿಗೆ ಹಾಕಿಕೊಂಡೆ, ಆಮೇಲೆ ಇನ್ನೊಂದು. ಹಲ್ಲು ಜುಮ್ಮೆಂದಿತು, ಕಣ್ಣಲ್ಲಿ ನೀರು ಬಂದಿತು. ಹುಳಿಗೆ ಯಾರಿಗಾದರೂ ಬರುತ್ತದೆ. ಆ ಕಡೆ ಬಂದ ಡಾಕ್ಟರು ಬುಟ್ಟಿಯನ್ನೂ ನನ್ನನ್ನೂ ನೋಡಿ, ಒಂದು ಕಾಯಿ ತೆಗೆದುಕೊಂಡು ನನ್ನ ಪಕ್ಕ ಕುಳಿತರು. ಉಳಿದದ್ದನ್ನು ನಾನು ಆ ವಾರವಿಡೀ ಅಲ್ಲೇ ಕುಳಿತು ತಿಂದೆ. ಹೊಟ್ಟೆ ಕೆಟ್ಟು ಎರಡು ದಿನ ರಜ ಹಾಕಿದೆ. ಇಲಿಯ ಕಾಯಿಲೆಯೇ ತಗುಲಿತೆಂದು ಸೀತ ನಂಬಿದಳು.

ಮುಂದೆ ದೊಡ್ಡಬಳ್ಳಾಪುರಕ್ಕೆ ಹೋದಾಗ ಅಕ್ಕ ಕೇಳಿದಳು: "ತಿಂದ್ವೇನೋ?"

"ತಿಂದ್ವು ಕಣಕ್ಕ. ಒಂದೂ ಬಿಡ್ಲಿಲ್ಲ."

ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ, ಮರುವರ್ಷ ಅದಕ್ಕಿಂತ ದೊಡ್ಡ ಬುಟ್ಟಿ ತಂದಳು.