ಊಟದವರ ವೆಬ್‌ಸೈಟಿಗೆ ಸಿಎಂಎಸ್ ಹುಡುಕಿದ್ದು

ವೆಬ್‌ಸೈಟ್ ಮಾಡಿಕೊಡೋದು ನನ್ನ ಕೆಲಸ. ಕುಮಾರಸ್ವಾಮಿ ಲೇಔಟಿನ ನಮ್ಮನೆ ಮಹಡಿ ರೂಮೇ ಆಫೀಸು. ಕಂಪ್ಯೂಟರು ನನ್ನನ್ನ ಅಳಿಸಿದ್ದುಂಟು, ಆದರೆ ಅದರ ಮುಂದೆ ಬಂದು ಕೂರೋರು ನಗಿಸದೆ ಕಳಿಸಿದ್ದಿಲ್ಲ. ಅದರಲ್ಲೂ ಬನಶಂಕರಿಯ ಒಬ್ಬ ಅಡುಗೆ ಕಾಂಟ್ರಾಕ್ಟರು, ಅವರ ಹೆಂಡತಿ.

೧. ಯಾರು ಒಪ್ಪಬೇಕು?

ಅವರ ಹಳೇ ವೆಬ್‌ಸೈಟ್ ಮಾಡಿದವನು ಫೋನ್ ಎತ್ತೋದನ್ನೇ ಬಿಟ್ಟಿದ್ದ. ಮದುವೆ ಸೀಸನ್ ತಲೆ ಮೇಲೆ ಬಂದಿತ್ತು. ಸೈಟಿನಲ್ಲಿ ನೋಡಿದರೆ ಹೋದ ವರ್ಷದ ಯುಗಾದಿ ಶುಭಾಶಯ ಇನ್ನೂ ನೇತಾಡ್ತಿದೆ, ಫೋನ್ ನಂಬರೂ ಹಳೇದು. ಆರ್ಡರೆಲ್ಲ ಬೇರೆಯವರ ಪಾಲಾಗ್ತಿತ್ತು.

"ಸಾರ್, ಹೊಸದಕ್ಕೆ ಒಳ್ಳೇ ಸಿಎಂಎಸ್ ಹಾಕೋಣ" ಅಂದೆ.

ಅವರು ಗಾಬರಿಯಾದರು. "ಏನಮ್ಮಾ ಇದು? ನಮ್ಮ ಊಟದ ವೆಬ್‌ಸೈಟಿಗೂ ಸಿಎಂ ಯೆಸ್ ಅನ್ಬೇಕಾ?"

೨. ಫ್ರೀ

ಸಿಎಂಎಸ್ ಅಂದ್ರೆ ಯಾರನ್ನೂ ಕಾಯದೆ ನಿಮ್ಮ ಸೈಟಿನ ಬರಹ, ಫೋಟೋ ನೀವೇ ಬದಲಾಯಿಸೋ ಸಾಫ್ಟ್‌ವೇರ್ ಅಂತ ಬಿಡಿಸಿ ಹೇಳಿದೆ. ಒಂದು ಫ್ರೀ ಇದೆ ಅಂದಿದ್ದೇ ತಡ, "ಅದೇ ಹಾಕಿಬಿಡಿ" ಅಂದರು.

"ಸಾಫ್ಟ್‌ವೇರ್ ಮಾತ್ರ ಫ್ರೀ ಸಾರ್. ಸೈಟ್ ಇಡೋ ಜಾಗಕ್ಕೆ ಬೇರೆ, ಸೇಫ್ಟಿಗೆ ಬೇರೆ, ಫೋಟೋ ಗ್ಯಾಲರಿಗೆ ಬೇರೆ..."

"ಗೊತ್ತಾಯ್ತು ಬಿಡಮ್ಮ. ಛತ್ರ ಫ್ರೀ. ಕರೆಂಟು, ನೀರು, ಕಸ ಗುಡಿಸೋದು, ಕೊನೇಗೆ ಬಾಗಿಲು ತೆಗೆಯೋದು, ಎಲ್ಲಾ ಎಕ್ಸ್‌ಟ್ರಾ!"

ಸಿಎಂಎಸ್ ಬಗ್ಗೆ ಇದಕ್ಕಿಂತ ಚೆನ್ನಾಗಿ ನಾನು ಇವತ್ತಿಗೂ ಯಾರಿಗೂ ವಿವರಿಸಿಲ್ಲ.

೩. ಎಳೆದು ಬಿಡೋದು

ಇನ್ನೊಂದು ಸಿಎಂಎಸ್‌ನಲ್ಲಿ ಫೋಟೋನ ಮೌಸಿನಿಂದ ಎಳೆದು ಬೇಕಾದ ಕಡೆ ಬಿಟ್ಟರೆ ಮುಗೀತು. ಸೈಟ್ ನೋಡಿಕೊಳ್ಳೋರು ಹೆಂಡತಿಯೇ ಆದ್ದರಿಂದ ಅವರ ಕೈಗೇ ಮೌಸ್ ಕೊಟ್ಟೆ. ಯಜಮಾನರ ಫೋಟೋ 'ನಮ್ಮ ಬಗ್ಗೆ' ಅನ್ನೋ ಪುಟಕ್ಕೆ ಹೋಗಬೇಕಿತ್ತು. ಆಂಟಿ ಕೈ ಜಾರಿ ಅದು 'ಖಾರದ ತಿಂಡಿಗಳು' ಅನ್ನೋದರ ಕೆಳಗೆ, ಮೆಣಸಿನಕಾಯಿ ಬಜ್ಜಿ ಪಕ್ಕದಲ್ಲಿ ಹೋಗಿ ಕೂತಿತು.

"ಪರವಾಗಿಲ್ಲ ಆಂಟಿ, ತೆಗೀಬಹುದು" ಅಂದೆ.

ಆಂಟಿ ಕನ್ನಡಕ ಸರಿಮಾಡಿಕೊಂಡು ಗಂಡನನ್ನೊಮ್ಮೆ, ಸ್ಕ್ರೀನನ್ನೊಮ್ಮೆ ನೋಡಿದರು. "ಇರಲಿ ಬಿಡಿ. ಸರಿಯಾದ ಜಾಗಕ್ಕೇ ಹೋಗಿದೆ."

೪. ಒಪ್ಪಿಗೆ

ಕೊನೆಗೆ ಮೂರನೆಯದು ಇಬ್ಬರಿಗೂ ಹಿಡಿಸಿತು. ಅದರಲ್ಲಿ ಒಬ್ಬರು ಬರೀತಾರೆ, ಇನ್ನೊಬ್ಬರು ಓದಿ ಒಪ್ಪಿದ ಮೇಲಷ್ಟೇ ಜನಕ್ಕೆ ಕಾಣುತ್ತೆ. ಆಂಟಿ ಬರೆಯೋದು, ಯಜಮಾನರು ಒಪ್ಪೋದು ಅಂತಾಯಿತು. ಹೊರಗಿನವರಿಗೆ ಕಾಣದ ಹಾಗೆ ಅವರಿಬ್ಬರೇ ಬರೆದು ಮಾತಾಡಿಕೊಳ್ಳೋಕೆ ಸ್ಕ್ರೀನಿನಲ್ಲಿ ಒಂದು ಗುಟ್ಟಿನ ಡಬ್ಬಿಯೂ ಇತ್ತು. ತಿಂಡಿಯ ವಿವರಣೆ ಬರೆಯೋ ಡಬ್ಬಿ ಅದರ ಪಕ್ಕದಲ್ಲೇ.

ಸೈಟ್ ಶುರುವಾದ ದಿನ ಚಹಾ ಕುಡೀತಾ ಮೆನು ತೆಗೆದು ನೋಡಿದೆ. ಬೋಂಡಾದ ಚೆಂದದ ಫೋಟೋ. ಅದರ ಕೆಳಗೆ, ಇಡೀ ಊರಿಗೆ ಕಾಣೋ ಹಾಗೆ: "ಬೆಳಿಗ್ಗೆ ಮೂರು ತಿಂದಿದೀರ, ನನಗೆ ಗೊತ್ತು. ರಾತ್ರಿ ಎದೆಯುರಿ ಅಂತ ಒದ್ದಾಡಿದ್ರೆ ನಾನಂತೂ ಎದ್ದು ಬರಲ್ಲ."

ಆಂಟಿ ಡಬ್ಬಿ ತಪ್ಪಿ ಬರೆದಿದ್ದರು. ಎದ್ದೆನೋ ಬಿದ್ದೆನೋ ಅಂತ ಫೋನ್ ಮಾಡಿದೆ. "ಸಾರ್, ಓದದೆ ಒಪ್ಪಿಗೆ ಕೊಟ್ರಾ?"

"ನಮ್ಮನೆಯವಳು ಬರೆದಿದ್ದನ್ನ ಓದಿ ನೋಡಿ ಆಮೇಲೆ ಒಪ್ಪೋಷ್ಟು ಧೈರ್ಯ ನನಗೆಲ್ಲಿದೆಯಮ್ಮ?"

ಅಷ್ಟರಲ್ಲಿ ಅವರ ಇನ್ನೊಂದು ಫೋನ್ ಹೊಡಕೊಳ್ತು. ಉತ್ತರಹಳ್ಳಿಯಿಂದ ಒಬ್ಬ ಮದುವೆ ಹುಡುಗಿಯ ತಂದೆ. ಯಜಮಾನರು ಸ್ಪೀಕರಿಗೆ ಹಾಕಿದರು. ಈ ಆರ್ಡರೂ ಹೋಯ್ತು ಅಂದುಕೊಂಡೆ.

"ಮೆನು ನೋಡಿದ್ವಿ ಸಾರ್, ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕಿದ್ವಿ. ಮದುವೆ ಊಟ ನಿಮ್ಮದೇ. ಒಂದೇ ಒಂದು ಕೇಳಬೇಕಿತ್ತು. ಮೂರನೇ ಬೋಂಡಾಕ್ಕೆ ಮೇಡಂ ಎಲ್ಲರಿಗೂ ಬಯ್ತಾರಾ? ಹಾಗಿದ್ರೆ ಬೀಗರಿಗೆ ಮೊದಲೇ ಹೇಳಿಡ್ತೀವಿ."