ಗೋಡೆ ಕಡೆ ತಿರುಗು!

ನಮ್ಮ ಚಿಕ್ಕಮ್ಮನ ಫೋನಿಗಿರುವ ಕಾವಲು ಕನ್ನಂಬಾಡಿ ಕಟ್ಟೆಗೂ ಇಲ್ಲ! ಫೋನು ತೆರೆಯುವಾಗ ಎದುರಿಗೆ ಯಾರೇ ಇರಲಿ, "ಗೋಡೆ ಕಡೆ ತಿರುಗು" ಎಂದು ಅಪ್ಪಣೆ ಮಾಡುತ್ತಾರೆ. ನಾನು ತಿರುಗಿದ್ದೇನೆ, ಅಮ್ಮ ತಿರುಗಿದ್ದಾಳೆ, ಹಾಲಿನವನೂ ಕ್ಯಾನು ಹಿಡಿದುಕೊಂಡೇ ತಿರುಗಿದ್ದಾನೆ.

ಇದಕ್ಕೆಲ್ಲ ಕಾರಣ ಚಿಕ್ಕಪ್ಪ. ಬೆಳಕವಾಡಿಯಲ್ಲಿ ಅವರು ಹೆಂಡತಿಯ ಫೋನನ್ನು ಪೇಪರಿನ ಹಾಗೆ ದಿನಾ ಬೆಳಿಗ್ಗೆ ಓದುತ್ತಿದ್ದರು. ಒಂದು ದಿನ, ಚಿಕ್ಕಮ್ಮ ತಮ್ಮ ಅಕ್ಕನಿಗೆ, ಅಂದರೆ ನನ್ನ ಅಮ್ಮನಿಗೆ, ಬರೆದುಕೊಂಡಿದ್ದ ಸಂಕಟವನ್ನು ನೆಂಟರ ಮುಂದೆ ಗಟ್ಟಿಯಾಗಿ ಓದಿಯೇಬಿಟ್ಟರು. ಚಿಕ್ಕಮ್ಮ ಅವತ್ತೇ ಬ್ಯಾಗು ತುಂಬಿಕೊಂಡು ಗುತ್ತಲಿನ ನಮ್ಮ ಮನೆಗೆ ಬಂದರು.

"ಒಡುಟ್ಟಿದೋಳ ತಾವ ಅತ್ಕಂಡಿದ್ದೂ ನಂದಲ್ಲ ಅಂದ್ರೆ, ನಂದು ಅನ್ನೋದು ಇನ್ನೇನ್ಲಾ ಅದೆ?" ಎಂದು ನನ್ನನ್ನೇ ಕೇಳಿದರು.

ಮೊದಲ ಕೆಲಸ, ಚಿಕ್ಕಪ್ಪನ ಹೆಬ್ಬೆಟ್ಟನ್ನು ಫೋನಿನಿಂದ ತೆಗೆಯುವುದು. ಒಳಗೆ ನೋಡಿದರೆ ಬೆರಳು ಒಂದು, ಬೆರಳು ಎರಡು ಎಂದಷ್ಟೇ ಇತ್ತು. ಯಾವುದು ಯಾರದು? "ಎಲ್ಲಾನೂ ತೆಗ್ದಾಕು" ಎಂದರು. ತೆಗೆದೆ. ಆಮೇಲೆ, ಪಾತ್ರೆ ಉಜ್ಜಿ ಸವೆದ ಅವರ ಬೆರಳನ್ನು ಫೋನು ಒಪ್ಪಲೇ ಇಲ್ಲ! ಕೊನೆಗೆ ಪಾಸ್‌ವರ್ಡೇ ಗತಿಯಾಯಿತು.

ಎಮ್ಮೆಯ ಹೆಸರು ಇಡೋಣ ಎಂದೆ.

"ಆ ಎಸ್ರು ಮಡಗಿದ್ದೇ ಆವಯ್ಯ ಕಣ್ಲಾ."

ಮದುವೆ ತಾರೀಖು?

"ಚೆಂದಾಗೇಳ್ದೆ ಬುಡು! ಅವತ್ತು ಆವಯ್ಯನೂ ಇರ್ನಿಲ್ವಾ?"

ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಗಂಡನಿಗೆ ಗೊತ್ತಿಲ್ಲದ ಒಂದು ಪದ ಹುಡುಕುವುದು ಎಷ್ಟು ಕಷ್ಟ ನೋಡಿ! ಯೋಚಿಸುತ್ತ ಕೂತಿದ್ದ ಚಿಕ್ಕಮ್ಮ ಇದ್ದಕ್ಕಿದ್ದಂತೆ ನಕ್ಕು, "ಸಿಕ್ತು, ಗೋಡೆ ಕಡೆ ತಿರುಗು" ಎಂದರು. ಆ ಪದ ಯಾವುದೆಂದು ಇವತ್ತಿಗೂ ನಮಗೆ ಗೊತ್ತಿಲ್ಲ.

ಅದೇ ಹುರುಪಿನಲ್ಲಿ ಎಲ್ಲ ಕಡೆಯಿಂದಲೂ ಚಿಕ್ಕಪ್ಪನನ್ನು ಅಳಿಸಿದರು. ಫೋಟೋದಿಂದ, ಲೊಕೇಶನ್ನಿನಿಂದ, ಹಾಗೆಯೇ ಗದ್ದೆಯ ಮೋಟರಿನಿಂದ! ನಮ್ಮ ಕಡೆ ಈಗ ಪಂಪ್‌ಸೆಟ್ಟಿಗೂ ಒಂದು ಸಿಮ್ಮಿದೆ. ಒಪ್ಪಿಗೆ ಕೊಟ್ಟ ನಂಬರಿನಿಂದ ಫೋನು ಮಾಡಿದರಷ್ಟೇ ಮೋಟರು ಓಡುವುದು. ಒಪ್ಪಿಗೆ ಕೊಡುವುದು ಚಿಕ್ಕಮ್ಮನ ಫೋನು. ಚಿಕ್ಕಪ್ಪ ಎಷ್ಟು ಫೋನು ಮಾಡಿದರೂ ಮೋಟರು ಮುನಿಸಿಕೊಂಡು ಕೂತಿತು. ಕೈಯಲ್ಲೇ ಹಾಕೋಣವೆಂದರೆ ಸ್ಟಾರ್ಟರ್ ಡಬ್ಬಿಯ ಬೀಗದ ಕೈಯೂ ಚಿಕ್ಕಮ್ಮನ ಗೊಂಚಲಿನಲ್ಲೇ ಬಂದಿತ್ತು.

ಬೀಗ ಒಡೆಯಬಹುದಿತ್ತು. ಒಡೆಯದೆ, ಬಸ್ಸು ಹತ್ತಿ ಬಂದು ನಮ್ಮ ಬಾಗಿಲಲ್ಲಿ ನಿಂತರು.

"ನಾಟಿ ಒಣಗ್ತಾದೆ ಕಣಮ್ಮಿ. ಮೋಟ್ರಿಗೆ ನನ್ ನಂಬ್ರು ಸೇರ್ಸು."

ಪೈರಿನ ಸುದ್ದಿ ಕೇಳಿದ್ದೇ ತಡ, ಚಿಕ್ಕಮ್ಮನಿಗೆ ಕಾವಲೆಲ್ಲ ಮರೆತುಹೋಯಿತು. ಫೋನನ್ನೇ ಚಾಚಿ, "ತಗಳಿ, ಪಾಸ್ವರ್ಡ್ ಏಳ್ತೀನಿ, ನೀವೇ ಆಕ್ಕಳಿ" ಎಂದರು. ಚಿಕ್ಕಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಬ್ಯಾಡ. ಅದು ನಿಂದು. ನಾ ಮುಟ್ಟಕ್ಕಿಲ್ಲ."

ಹಾಗೆಂದವರು, ಯಾರೂ ಹೇಳದೆಯೇ, ಗೋಡೆ ಕಡೆ ತಿರುಗಿ ನಿಂತರು!

ಚಿಕ್ಕಮ್ಮ ಪಾಸ್‌ವರ್ಡ್ ಒತ್ತಿದರು. ತಪ್ಪಾಯಿತು. ಮತ್ತೆ ಒತ್ತಿದರು, ಮತ್ತೆ ತಪ್ಪಾಯಿತು. ಕಣ್ಣು ತುಂಬಿ ಅವರಿಗೆ ಅಕ್ಷರಗಳೇ ಕಾಣುತ್ತಿರಲಿಲ್ಲ. ಹೋಗಿ ಚಿಕ್ಕಪ್ಪನ ಪಕ್ಕದಲ್ಲಿ ನಾನೂ ಗೋಡೆ ಕಡೆ ತಿರುಗಿ ನಿಂತೆ.

"ಇನ್ನೂ ತಿರುಗ್ಬ್ಯಾಡಿ" ಎಂದರು ಚಿಕ್ಕಮ್ಮ.

"ನಿದಾನ್ವಾಗೇ ಮಾಡು, ನಾ ನಿಂತಿರ್ತೀನಿ" ಎಂದು ಚಿಕ್ಕಪ್ಪ ಗೋಡೆಗೇ ಹೇಳಿದರು.